ತಿಮಿಂಗಿಲದ ತೊಗಲಿನ ಒಕ್ಕಲುಗಳು

ತಿಮಿಂಗಿಲದ ನಾಡಿ ಹಿಡಿದು ನೋಡುವ ವೈದ್ಯನುಂಟೆ? ಕಡಲಲ್ಲಿ ಸಂಚರಿಸುವ ಆ ಮಹಾಕಾಯಕ್ಕೆ ರೋಗ ತಗುಲಿದರೆ ಅರಿಯುವ ಬಗೆ ಹೇಗೆ? ಅದರ ತೊಗಲಿನ ಮೇಲೆ ಒಕ್ಕಲಾಗಿರುವ ಸೂಕ್ಷ್ಮಜೀವಿಗಳೇ ಇದಕ್ಕೆ ಉತ್ತರವೀಯಬಹುದೆಂದು ವಿಜ್ಞಾನಿಗಳ ಆಶಯ.

ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ಆಮಿ ಅಪ್ರಿಲ್ ಮತ್ತವರ ಸಂಗಡಿಗರು, ಅಟ್ಲಾಂಟಿಕ್ ಹಾಗೂ ಪೆಸಿಫಿಕ್ ಸಾಗರಗಳ 56 ಗೂನುಬೆನ್ನಿನ ತಿಮಿಂಗಿಲಗಳ ತೊಗಲಿನ ಚೂರುಗಳನ್ನು ಪರೀಕ್ಷಿಸಿ, ಅವುಗಳಲ್ಲಿನ ಬ್ಯಾಕ್ಟೀರಿಯಗಳ ವಂಶವಾಹಿಯ ಅಕ್ಷರಕ್ರಮವನ್ನು ಓದಿ, 2014ರಲ್ಲಿ ವರದಿ ಪ್ರಕಟಿಸಿದರು. ಟೆನಾಸಿಬ್ಯಾಕುಲಮ್, ಸೈಕ್ರೋಬ್ಯಾಕ್ಟರ್ ಎಂಬೆರಡು ಕುಲಗಳು ಎಲ್ಲ ಕಡಲುಗಳ ತಿಮಿಂಗಿಲಗಳಲ್ಲಿಯೂ ಕಂಡುಬಂದವು. ಆದರೆ ಆಹಾರವುಣ್ಣುವ ಕಾಲದಲ್ಲಿಯೂ, ಉಪವಾಸವಿದ್ದು ವಲಸೆ ಹೋಗುವ ಕಾಲದಲ್ಲಿಯೂ ಈ ಒಕ್ಕಲುಗಳ ಪ್ರಮಾಣ ಒಂದೇ ಆಗಿರಲಿಲ್ಲ.

ಸ್ವಸ್ಥ ತಿಮಿಂಗಿಲದ ಒಕ್ಕಲುಗಳ ಲೆಕ್ಕ ಮೊದಲೇ ಕೈಯಲ್ಲಿದ್ದರೆ, ಅದು ಏರುಪೇರಾದಾಗ ಅಸ್ವಸ್ಥತೆಯನ್ನು ಶಂಕಿಸಬಹುದು. ನಾಡಿ ಸಿಗದ ಪ್ರಾಣಿಗೆ ಇದೇ ನಾಡಿಪರೀಕ್ಷೆಯಾದೀತು.