ಕೋವಿ ಕಾರ್ಖಾನೆಯಿಂದ ಬಂದ ಇಂಚು

ಸ್ವೀಡನ್ನಿನ ಸೈನ್ಯ 1894ರಲ್ಲಿ ಒಪ್ಪಿಕೊಂಡ 6.5×55 ತೋಟಾ ಇಂದಿಗೂ ಅಲ್ಲಿನ ಬೇಟೆಗಾರರ ಕೈಯಲ್ಲಿದೆ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಕೇಸನ್ನು ಎಸೆಯದೆ ಹೊಸ ಕೇಪು, ಮದ್ದು, ಗುಂಡು ಹಾಕಿ ಮತ್ತೆ ಬಳಸುವುದು ಅಲ್ಲೂ ಅಮೆರಿಕದಲ್ಲೂ ಹಳೆಯ ಹವ್ಯಾಸ. ನಮ್ಮಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾ ತಯಾರಿಸಲು ಪರವಾನಗಿ ಬೇಕೇ ಬೇಕು.

ಈ ಹವ್ಯಾಸಿಗಳ ತಲೆ ತಿನ್ನುವ ಪ್ರಶ್ನೆ ಒಂದೇ: ಗುಂಡು ಕೇಸಿನ ಕತ್ತಿನೊಳಗೆ ಎಷ್ಟು ಆಳ ಕೂರಬೇಕು? ನಿಯಮಪುಸ್ತಕ ಈ ತೋಟಾದ ಒಟ್ಟು ಉದ್ದ 80 ಮಿ.ಮೀ. ದಾಟಬಾರದು ಎನ್ನುತ್ತದೆ. ಆದರೆ ಗುಂಡಿನ ತುದಿಯನ್ನು ನಂಬಿ ಅಳೆಯುವಂತಿಲ್ಲ. ಒಂದೇ ಡಬ್ಬಿಯ ಗುಂಡುಗಳಲ್ಲೂ ತುದಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ನಿಜವಾಗಿ ಲೆಕ್ಕಕ್ಕೆ ಬರುವುದು ಗುಂಡಿನ ಬಾಗು ದಪ್ಪವಾಗುತ್ತ ಬಂದು ನಳಿಗೆಯ ಸುರುಳಿ ಏಣುಗಳನ್ನು ಮೊದಲು ಮುಟ್ಟುವ ಜಾಗ. ಅಲ್ಲಿಂದ ಕೇಸಿನ ಬುಡದವರೆಗೆ ಅಳೆಯಬೇಕು. ಹಳಬರ ಉಪಾಯ ಸರಳವಾಗಿತ್ತು. ಖಾಲಿ ಕೋವಿಯ ಬೋಲ್ಟು ಮುಚ್ಚಿ, ನಳಿಗೆಯ ಬಾಯಿಂದ ಒಂದು ಸರಳನ್ನು ಬೋಲ್ಟಿಗೆ ತಾಗುವವರೆಗೆ ಇಳಿಸಿ ಗುರುತು ಹಾಕುವುದು. ಆಮೇಲೆ ಬರಿಯ ಗುಂಡೊಂದನ್ನು ಏಣುಗಳಿಗೆ ಮೆತ್ತಗೆ ಒತ್ತಿ ಹಿಡಿದು, ಸರಳನ್ನು ಮತ್ತೆ ಇಳಿಸಿ ಇನ್ನೊಂದು ಗುರುತು ಹಾಕುವುದು. ಎರಡು ಗುರುತುಗಳ ನಡುವಿನ ಅಂತರವೇ ಆ ಕೋವಿಗೆ, ಆ ಗುಂಡಿಗೆ ತಕ್ಕ ಉದ್ದದ ಮಿತಿ. ಈ ತೋಟಾ ಹಾರಿಸುವ ಹಳೆಯ ಸ್ವೀಡಿಷ್ ಮೌಸರ್ ಕೋವಿಯ ಗಂಟಲನ್ನು, ಎಂದರೆ ನಳಿಗೆಯಲ್ಲಿ ಏಣುಗಳು ಶುರುವಾಗುವ ಮುಂಚಿನ ಜಾಗವನ್ನು, 10.1 ಗ್ರಾಮಿನ ಉದ್ದನೆಯ ಮೊಂಡು ಗುಂಡಿಗೆಂದು ಕೊರೆದಿದ್ದರು. ಇಂದಿನ ಚೂಪು ಗುಂಡು ಏಣು ಮುಟ್ಟುವ ಮೊದಲು ಅಲ್ಲಿ ಒಂದಷ್ಟು ದೂರ ಹಾರಬೇಕು. ಅದು ಎಷ್ಟು ದೂರವಿದ್ದರೆ ಗುರಿ ನಿಲ್ಲುತ್ತದೆ ಎಂಬ ಹುಡುಕಾಟ ನಡೆಯುವುದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ. ಇದು ಬರೀ ಚಪಲವಲ್ಲ. ಗುಂಡು ಏಣುಗಳಿಗೆ ಒತ್ತಿಕೊಂಡೇ ಕೂತರೆ ಸಿಡಿತದ ಒತ್ತಡ ಏರುತ್ತದೆ.

ಈ ಅಳತೆಯನ್ನು ಹೇಳುವುದು ಕೈಯಲ್ಲಿರುವ ವರ್ನಿಯರ್ ಕ್ಯಾಲಿಪರ್. ಅದು ಹೇಳಿದ್ದು ಸರಿ ಎಂದು ಯಾರು ಹೇಳಬೇಕು? ಈ ಪ್ರಶ್ನೆಗೆ ಕಾರ್ಖಾನೆಗಳು ಒಪ್ಪುವಂಥ ಉತ್ತರ ಸಿಕ್ಕಿದ್ದು ಇದೇ 6.5×55 ತೋಟಾದ ಕೋವಿಯನ್ನು ತಯಾರಿಸಲು ಹೊರಟಾಗ ಎಂಬುದೇ ಈ ಕಥೆಯ ಸ್ವಾರಸ್ಯ.

ಬಿಡಿಭಾಗಗಳು ಒಂದರ ಜಾಗಕ್ಕೆ ಇನ್ನೊಂದು ಕೂರಬೇಕು ಎಂಬ ಹಟ ಬೆಳೆದದ್ದೂ ಕೋವಿಯವರಲ್ಲೇ. 1785ರಲ್ಲಿ ಪ್ಯಾರಿಸ್ಸಿನಲ್ಲಿ ಒನೋರೆ ಬ್ಲಾಂ ಎಂಬ ಕುಶಲಕರ್ಮಿ ರಾಶಿ ಹಾಕಿದ ಬಿಡಿಭಾಗಗಳಿಂದ ಥಾಮಸ್ ಜೆಫರ್ಸನ್ ತಮ್ಮ ಕೈಯಾರೆ ಕೋವಿಯ ಚಾಪು ಜೋಡಿಸಿ ನೋಡಿ ಬೆರಗಾಗಿದ್ದರು. ಮುಂದೆ ಅಮೆರಿಕದ ಹಾರ್ಪರ್ಸ್ ಫೆರಿಯಲ್ಲಿ ಜಾನ್ ಹಾಲ್ ಈ ಹಟವನ್ನು ಪದ್ಧತಿಯಾಗಿ ಮಾಡಿದ. ಒಂದು ಭಾಗದ ಎಲ್ಲ ಅಳತೆಗಳನ್ನೂ ಒಂದೇ ನೆಲೆಯಿಂದ ತೆಗೆಯಬೇಕು, ಅಳತೆಯಿಂದ ಅಳತೆಗೆ ದಾಟುತ್ತ ಹೋದರೆ ತಪ್ಪುಗಳು ಕೂಡಿಕೊಳ್ಳುತ್ತವೆ ಎಂಬುದು ಅವನ ಸೂತ್ರ. ಅವನ ಕಾಲದಿಂದ ಕಾರ್ಖಾನೆಗಳಲ್ಲಿ, ಭಾಗದ ಅಳತೆ ಸರಿಯೇ ಎಂದು ಒರೆಹಚ್ಚುವ ಗೇಜುಗಳು ಬೆಳೆದವು. ತೊಂದರೆ ಶುರುವಾದದ್ದೂ ಅಲ್ಲಿಂದಲೇ: ಒಂದೊಂದು ಅಳತೆಗೆ ಒಂದೊಂದು ಗೇಜು. ಮಾದರಿ ಬದಲಾದರೆ ಇಡೀ ಕಪಾಟೇ ಗುಜರಿ.

ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ ಊರಿನ ಸರ್ಕಾರಿ ಕೋವಿ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡುತ್ತಿದ್ದ ಕಾರ್ಲ್ ಎಡ್ವರ್ಡ್ ಯೊಹಾನ್ಸನ್ ಎದುರಿಸಿದ್ದು ಈ ಕಪಾಟನ್ನೇ. 1864ರಲ್ಲಿ ಹುಟ್ಟಿದ ಆತ ಹರೆಯದಲ್ಲಿ ಅಮೆರಿಕಕ್ಕೆ ಹೋಗಿ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದು ಮರಳಿದವ. ಮೌಸರ್ ಕೋವಿಯನ್ನು ತನ್ನ ನೆಲದಲ್ಲೇ ತಯಾರಿಸಲು ಸ್ವೀಡನ್ ನಿರ್ಧರಿಸಿದಾಗ, ವಿಧಾನ ನೋಡಿಕೊಂಡು ಬರಲು ಜರ್ಮನಿಯ ಓಬರ್ನ್‌ಡಾರ್ಫಿಗೆ ಹೋದವರಲ್ಲಿ ಆತನೂ ಇದ್ದ. ಅಲ್ಲಿ ಕಂಡದ್ದು ನೂರಾರು ಗೇಜುಗಳು. ಅಷ್ಟನ್ನೂ ತನ್ನೂರಿನಲ್ಲಿ ಮತ್ತೆ ಮಾಡಬೇಕೆಂದರೆ ವರ್ಷಗಳೇ ಬೇಕು. 1896ರಲ್ಲಿ ಊರಿಗೆ ಹಿಂತಿರುಗುವ ರೈಲಿನಲ್ಲಿ ಆತ ಲೆಕ್ಕ ಹಾಕುತ್ತ ಕೂತ. ಒಂದೊಂದು ಅಳತೆಗೆ ಒಂದು ಗೇಜು ಬೇಡ, ಕೂಡಿಸಿದರೆ ಯಾವ ಅಳತೆಯನ್ನಾದರೂ ಕೊಡುವ ಕೆಲವೇ ಉಕ್ಕಿನ ತುಂಡುಗಳು ಸಾಕಲ್ಲವೇ?

ತಕ್ಕಡಿಯ ತೂಕದ ಕಲ್ಲುಗಳ ಜಾಣ್ಮೆಯೇ ಇದು, ಉದ್ದಕ್ಕೆ ಹೊಂದಿಸಿದ್ದು. 1.01 ಮಿ.ಮೀ.ನಿಂದ 1.49ರವರೆಗೆ ನೂರನೇ ಒಂದರ ಹೆಜ್ಜೆಯಲ್ಲಿ 49 ತುಂಡು, 0.5ರಿಂದ 24.5ರವರೆಗೆ ಅರ್ಧರ್ಧ ಮಿ.ಮೀ. ಏರುವ 49, ಕೊನೆಗೆ 25, 50, 75, 100ರ ನಾಲ್ಕು. ಒಟ್ಟು 102. ಇವುಗಳಿಂದ 1 ಮಿ.ಮೀ.ನಿಂದ 201 ಮಿ.ಮೀ.ವರೆಗೆ ನೂರನೇ ಒಂದರ ಅಂತರದಲ್ಲಿ ಸುಮಾರು 20,000 ಅಳತೆ ಹೊರಡುತ್ತವೆ. 78.37 ಬೇಕೇ? 75, 2, 1.37 ಇಟ್ಟರಾಯಿತು.

ಕಾಗದದ ಮೇಲೆ ಸುಲಭ. ಮೂರು ತುಂಡು ಕೂಡಿದಾಗ ಮೂರರ ತಪ್ಪೂ ಕೂಡುತ್ತದಲ್ಲ! ಹಾಗಾಗಿ ಒಂದೊಂದು ತುಂಡೂ ಮೈಕ್ರಾನಿನ, ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲಿನ, ಮಟ್ಟದಲ್ಲಿ ನಿಖರವಾಗಿರಬೇಕು. ಅಂಥ ಯಂತ್ರ ಆಗ ಕಾರ್ಖಾನೆಯಲ್ಲೇ ಇರಲಿಲ್ಲ. ಯೊಹಾನ್ಸನ್ ಮನೆಯಲ್ಲಿ ಹೆಂಡತಿ ಮಾರ್ಗರೇಟಾಳ ಹೊಲಿಗೆ ಯಂತ್ರವನ್ನು ಉಜ್ಜುವ ಯಂತ್ರವಾಗಿ ಮಾರ್ಪಡಿಸಿಕೊಂಡು ತುಂಡುಗಳನ್ನು ನಯಗೊಳಿಸಿದ. ಹೊಲಿಗೆ ನಿಂತದ್ದಕ್ಕೆ ಮಾರ್ಗರೇಟಾ ಏನಂದಳೋ, ಚರಿತ್ರೆ ಬರೆದವರು ಕೇಳಿದಂತೆ ಕಾಣುವುದಿಲ್ಲ. ಹೀಗೆ ಉಜ್ಜಿದ ಮೇಲ್ಮೈಗಳು ಎಷ್ಟು ಸಮತಟ್ಟೆಂದರೆ ಒಂದರ ಮೇಲೊಂದಿಟ್ಟು ಮೆತ್ತಗೆ ಒತ್ತಿ ಜಾರಿಸಿದರೆ ಅಂಟಿನ ಹಂಗಿಲ್ಲದೆ ಅಂಟುತ್ತವೆ. ಗಾಳಿಯ ಒತ್ತಡ ಇದಕ್ಕೆ ಮುಖ್ಯ ಕಾರಣವಲ್ಲ. ನಿರ್ವಾತದಲ್ಲೂ ಅವು ಬಿಡುವುದಿಲ್ಲ. ನಡುವೆ ಉಳಿಯುವ ಎಣ್ಣೆಯ, ತೇವದ ಅತಿ ತೆಳು ಪೊರೆ ಮತ್ತು ಲೋಹದ ಅಣುಗಳ ಸೆಳೆತವೇ ಇದನ್ನು ಮಾಡಿಸುವುದು. ಇಲ್ಲದಿದ್ದರೆ ತುಂಡುಗಳ ನಡುವೆ ಸಂದು ಉಳಿದು ಲೆಕ್ಕವೆಲ್ಲ ಕೆಡುತ್ತಿತ್ತು.

ಪೇಟೆಂಟ್ 1901ರಲ್ಲಿ ಸಿಕ್ಕಿತು, ಸ್ವಂತ ಕಂಪನಿ 1911ರಲ್ಲಿ ಆಯಿತು. 1908ರ ಸುಮಾರಿಗೆ ಅಮೆರಿಕದಲ್ಲಿ ಮೊದಲ ಸೆಟ್ ಕೊಂಡದ್ದು ಕ್ಯಾಡಿಲಾಕ್ ಕಾರುಗಳ ಹೆನ್ರಿ ಲೆಲ್ಯಾಂಡ್. ಆತನೂ ಅಂತರ್ಯುದ್ಧದ ಕಾಲದಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ಪಳಗಿದ ಕೈಯೇ. 1923ರಲ್ಲಿ ಹೆನ್ರಿ ಫೋರ್ಡ್ ಯೊಹಾನ್ಸನ್‌ನ ಅಮೆರಿಕದ ವ್ಯವಹಾರವನ್ನೇ ಕೊಂಡು, ಆತನನ್ನೂ ಡಿಯರ್‌ಬಾರ್ನಿಗೆ ಕರೆಸಿಕೊಂಡ.

ಆದರೆ ಯೊಹಾನ್ಸನ್ ಮಾಡಿದ ದೊಡ್ಡ ಕೆಲಸ ಮಾರಾಟದ್ದಲ್ಲ, ಇಂಚಿನದ್ದು. ಆಗ ಜಗತ್ತಿನಲ್ಲಿ ಎರಡು ಇಂಚುಗಳಿದ್ದವು. 1893ರಿಂದ ಅಮೆರಿಕ ಒಂದು ಮೀಟರಿಗೆ 39.37 ಇಂಚು ಎಂದು ಹಿಡಿದಿತ್ತು. ಹಾಗಾಗಿ ಅವರ ಇಂಚು 25.4 ಮಿ.ಮೀ.ಗಿಂತ ಕೂದಲೆಳೆಯ ಸಣ್ಣದೊಂದು ಪಾಲಿನಷ್ಟು ದೊಡ್ಡದು. ಬ್ರಿಟಿಷರದು ಅದೇ ರೀತಿ ಚಿಕ್ಕದು. ಬಟ್ಟೆ ಅಳೆಯುವವನಿಗೆ ಇದರಿಂದ ನಷ್ಟವಿಲ್ಲ. ಮೈಕ್ರಾನ್ ಮಾರುವವನು ಮಾತ್ರ ಯಾವುದಾದರೂ ಒಂದನ್ನು ಆರಿಸಲೇಬೇಕು. ಯೊಹಾನ್ಸನ್ ಎರಡನ್ನೂ ಬಿಟ್ಟು, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗಿ 25.4 ಮಿ.ಮೀ. ಎಂದು ತುಂಡು ಕತ್ತರಿಸಿದ. ಡೆಟ್ರಾಯಿಟಿನಲ್ಲೂ ಬರ್ಮಿಂಗ್‌ಹ್ಯಾಮಿನಲ್ಲೂ ಮೇಸ್ತ್ರಿಗಳು ತಮ್ಮ ಮೈಕ್ರೋಮೀಟರನ್ನು ಅವನ ತುಂಡುಗಳಿಗೆ ಹಿಡಿದು ನೋಡತೊಡಗಿದರು. ಕಾನೂನು ಏನೇ ಹೇಳಲಿ, ಕಾರ್ಖಾನೆಯ ಇಂಚು ಅವನದಾಯಿತು. ಬ್ರಿಟನ್ನಿನ ಮಾನಕ ಸಂಸ್ಥೆ 1930ರಲ್ಲಿ, ಅಮೆರಿಕದ್ದು 1933ರಲ್ಲಿ 25.4 ಅನ್ನು ಒಪ್ಪಿದವು. 20 ಡಿಗ್ರಿಯನ್ನು ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಸಮಿತಿ 1931ರಲ್ಲಿ ಒಪ್ಪಿತು. 1959ರಲ್ಲಿ ಇಂಗ್ಲಿಷ್ ಮಾತಾಡುವ ದೇಶಗಳು ಅದೇ ಇಂಚಿಗೆ ಸಹಿ ಹಾಕಿದವು. ಅಷ್ಟರಲ್ಲಿ ಯೊಹಾನ್ಸನ್ ತೀರಿಕೊಂಡು 16 ವರ್ಷವಾಗಿತ್ತು. ಸರ್ಕಾರಗಳು ಅಳತೆಯನ್ನು ಕೊಡುತ್ತವೆ, ಕಾರ್ಖಾನೆ ಪಾಲಿಸುತ್ತದೆ ಎಂದು ನಾವು ಶಾಲೆಯಲ್ಲಿ ಓದಿದ್ದು. ಇಲ್ಲಿ ನಡೆದದ್ದು ತಿರುಗುಮುರುಗು.

ಬೆಂಗಳೂರಿನ ಪೀಣ್ಯದ ಟೂಲ್‌ರೂಮುಗಳಲ್ಲಿ ಈ ತುಂಡುಗಳು ಸ್ಲಿಪ್ ಗೇಜುಗಳು. ಐಟಿಐ ಹುಡುಗರು 87 ತುಂಡುಗಳ ಸೆಟ್ಟನ್ನು ಮರದ ಪೆಟ್ಟಿಗೆಯಿಂದ ತೆಗೆದು, ಒರೆಸಿ, ಜಾರಿಸಿ ಅಂಟಿಸುವುದನ್ನು ಪ್ರಾಕ್ಟಿಕಲ್‌ನಲ್ಲಿ ಕಲಿಯುತ್ತಾರೆ. ತುಮಕೂರು ರಸ್ತೆಯ ಸಿಎಂಟಿಐಯಂಥ ಸಂಸ್ಥೆಗಳ ಪ್ರಯೋಗಾಲಯಗಳಲ್ಲಿ ಅವುಗಳ ತಪಾಸಣೆ ನಡೆಯುತ್ತದೆ. ಅಲ್ಲಿ ಕೋಣೆಯನ್ನು ಹಗಲೂರಾತ್ರಿ 20 ಡಿಗ್ರಿಯಲ್ಲಿ ಇಡುತ್ತಾರೆ. ಏಪ್ರಿಲ್ ತಿಂಗಳ ಶೀಟಿನ ಶೆಡ್ಡಿನಲ್ಲಿ ಆ ಭಾಗ್ಯವಿಲ್ಲ. 33 ಡಿಗ್ರಿಗೆ 100 ಮಿ.ಮೀ. ಉಕ್ಕಿನ ತುಂಡು ಸುಮಾರು 15 ಮೈಕ್ರಾನ್ ಉದ್ದವಾಗುತ್ತದೆ. ಅಳೆಯುವ ವಸ್ತುವೂ ಉಕ್ಕಿನದಾಗಿದ್ದು ಅಷ್ಟೇ ಬಿಸಿಯಾಗಿದ್ದರೆ ಎರಡೂ ಸಮವಾಗಿ ಹಿಗ್ಗುವುದರಿಂದ ಅಳತೆ ಕೆಡುವುದಿಲ್ಲ. ಹಿತ್ತಾಳೆ ಮಾತ್ರ ಹಾಗಲ್ಲ. ಅದೇ ಸೆಖೆಗೆ ಅದು ಸುಮಾರು 25 ಮೈಕ್ರಾನ್ ಹಿಗ್ಗುತ್ತದೆ. ಆದ್ದರಿಂದ ಹಿತ್ತಾಳೆ ತಿರುಗಿಸುವ ಟರ್ನರ್‌ಗಳು ಬೆಳಗಿನ ತಂಪಿನಲ್ಲಿ ಒಂದು, ಮಧ್ಯಾಹ್ನ ಇನ್ನೊಂದು ಅಳತೆ ಕಂಡರೆ ಮೊದಲು ನೋಡಬೇಕಾದದ್ದು ಗೋಡೆಯ ಥರ್ಮಾಮೀಟರನ್ನು, ಆಮೇಲೆ ಲೇತನ್ನು.