ಮಾತು ಬಾರದ ಮಕ್ಕಳ ತರಗತಿಯಲ್ಲಿ ಮಾತಾಡುವ ಚಿತ್ರಗಳು

ಮಗುವಿಗೆ ಐದಾರು ವರ್ಷ ತುಂಬಿದರೂ ಮಾತು ಬಾರದಿದ್ದರೆ ಹೆತ್ತವರು ಪಡುವ ಸಂಕಟ ಹೇಳತೀರದು. ಕಿವಿ ಕೇಳುತ್ತದೆ, ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತದೆ, ಆದರೆ ಬಾಯಿಂದ ಉತ್ತರ ಬಾರದು. ಸೆರಿಬ್ರಲ್ ಪಾಲ್ಸಿ ಇರುವ ಕೆಲವು ಮಕ್ಕಳಿಗೆ ನಾಲಗೆ, ತುಟಿಗಳ ಸ್ನಾಯುಗಳೇ ಹಿಡಿತಕ್ಕೆ ಸಿಗುವುದಿಲ್ಲ; ಆಟಿಸಂ ಇರುವ ಮಕ್ಕಳಲ್ಲಿ ಕಾರಣ ಬೇರೆ. ಇಂಥ ಮಗುವನ್ನು ವಿಶೇಷ ಶಾಲೆಗೆ ಸೇರಿಸಿದ ತಂದೆತಾಯಿಗಳು, ‘ಶಾಲೆಯಲ್ಲಿ ಮಗುವಿನ ಕೈಗೆ ಮೊಬೈಲು ಕೊಟ್ಟು ಕೂರಿಸುತ್ತಾರೆ, ಇದೆಂಥ ಪಾಠ?’ ಎಂದು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ. ಅದಕ್ಕೆ ನಮಗೆ ತಿಳಿದಷ್ಟು ಉತ್ತರವನ್ನು ಇಲ್ಲಿ ಕೊಡುತ್ತೇವೆ.

ಆ ಮೊಬೈಲಿನಲ್ಲಿ ಇರುವುದು ಆಟವಲ್ಲ. ಪರದೆಯ ತುಂಬ ಚೌಕಚೌಕವಾಗಿ ಚಿತ್ರಗಳಿರುತ್ತವೆ. ಮಗು ನೀರಿನ ಲೋಟದ ಚಿತ್ರ ಮುಟ್ಟಿದರೆ ಯಂತ್ರ ‘ನೀರು’ ಎಂದು ಉಚ್ಚರಿಸುತ್ತದೆ. ಚಿತ್ರ ತೋರಿಸಿ ಮಾತಾಡುವ ಉಪಾಯ ಹೊಸದೇನಲ್ಲ. 1971ರಲ್ಲೇ ಕೆನಡಾದ ಟೊರಾಂಟೋ ನಗರದ ಒಂದು ಮಕ್ಕಳ ಕೇಂದ್ರದಲ್ಲಿ ಚಾರ್ಲ್ಸ್ ಬ್ಲಿಸ್ ಎಂಬವರು ರೂಪಿಸಿದ ಚಿಹ್ನೆಗಳನ್ನು ಇದಕ್ಕಾಗಿ ಬಳಸತೊಡಗಿದರು. ಆಗ ಹಲಗೆ ಮೂಕವಾಗಿತ್ತು, ಈಗ ಅದಕ್ಕೆ ದನಿ ಬಂದಿದೆ. ನಮ್ಮ ದೇಶದಲ್ಲೇ ಎರಡು ಆ್ಯಪುಗಳು ಹೆಸರಾಗಿವೆ. ಚೆನ್ನೈಯಲ್ಲಿ ಹುಟ್ಟಿದ ‘ಆವಾಜ್’ ಒಂದು. ಅದಕ್ಕೆ ಹಣ ಕೊಡಬೇಕು. ಇನ್ನೊಂದು ಮುಂಬಯಿಯ ಪವಾಯಿಯಲ್ಲಿರುವ ಐ.ಐ.ಟಿ.ಯ ವಿನ್ಯಾಸ ವಿಭಾಗದಲ್ಲಿ ರೂಪುಗೊಂಡ ‘ಜೆಲ್ಲೋ’, ಇದು ಉಚಿತ. ಜೆಲ್ಲೋದಲ್ಲಿ ಇಷ್ಟ, ಹೌದು, ಇನ್ನಷ್ಟು ಎಂಬ ಮೂರು ಗುಂಡಿಗಳೂ, ಅವುಗಳಿಗೆ ಎದುರಾದ ಇಷ್ಟವಿಲ್ಲ, ಬೇಡ, ಕಡಿಮೆ ಎಂಬರ್ಥದ ಮೂರು ಗುಂಡಿಗಳೂ ಇವೆ. ಎಂದೂ ‘ಬೇಡ’ ಎನ್ನಲಾಗದೆ ಅತ್ತು, ಕೈ ಕಚ್ಚಿಕೊಂಡು ತಿಳಿಸುತ್ತಿದ್ದ ಮಗುವಿಗೆ ಆ ಒಂದು ಗುಂಡಿ ಎಷ್ಟು ದೊಡ್ಡದೆಂಬುದನ್ನು ಹೆತ್ತವರೇ ಬಲ್ಲರು.

ಯಂತ್ರಕ್ಕೆ ಒಗ್ಗಿದ ಮಗು ಮಾತನ್ನೇ ಮರೆತೀತೆಂಬ ಭಯ ಅನೇಕರಿಗಿದೆ. 2006ರಲ್ಲಿ ಅಮೆರಿಕದ ಮೂವರು ವಿದ್ವಾಂಸರು ಹಿಂದಿನ ಅಧ್ಯಯನಗಳನ್ನು ಜಾಲಾಡಿ, ನಂಬತಕ್ಕ ಪುರಾವೆಯಿದ್ದ 27 ಮಂದಿಯ ವಿವರ ನೋಡಿದರು. ಒಬ್ಬರ ಮಾತೂ ಕುಗ್ಗಿರಲಿಲ್ಲ; ಬಹುಪಾಲು ಜನಕ್ಕೆ ಸ್ವಲ್ಪವಾದರೂ ಹೆಚ್ಚಿತ್ತು. ‘ಸ್ವಲ್ಪ’ ಎಂಬುದನ್ನು ಮರೆಯಬಾರದು. ಆ್ಯಪು ಹಾಕಿದೊಡನೆ ಮಗು ಮಾತಾಡೀತೆಂದು ಹೇಳಿ ಮಾರುವವರನ್ನು ನಾವಂತೂ ನಂಬೆವು.

ತರಗತಿಯಲ್ಲಿ ನಿಜವಾದ ಕೆಲಸ ಶಿಕ್ಷಕಿಯದೇ. ಬಲ್ಲ ಶಿಕ್ಷಕಿ ಯಂತ್ರವನ್ನು ಮಗುವಿಗೆ ಒಪ್ಪಿಸಿ ಸುಮ್ಮನಿರುವುದಿಲ್ಲ. ತಾನು ಮಾತಾಡುವಾಗಲೆಲ್ಲ ತಾನೂ ಚಿತ್ರಗಳನ್ನು ಮುಟ್ಟಿ ತೋರಿಸುತ್ತಾಳೆ. ಹಸುಗೂಸು ವರ್ಷಗಟ್ಟಲೆ ಮಾತು ಕೇಳಿದ ಮೇಲೆ ತಾನೆ ಮಾತು ಕಲಿಯುವುದು? ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಕಾಯುತ್ತಾಳೆ. ಚಿತ್ರಗಳ ಜಾಗ ಬದಲಿಸುವುದಿಲ್ಲ, ಏಕೆಂದರೆ ಬೆರಳು ಆ ಜಾಗಕ್ಕೆ ಪಳಗಿರುತ್ತದೆ. ತಂಟೆ ಮಾಡಿದ್ದಕ್ಕೆ ಶಿಕ್ಷೆಯೆಂದು ಯಂತ್ರ ಕಿತ್ತುಕೊಳ್ಳುವುದಂತೂ ಮಗುವಿನ ಬಾಯಿ ಮುಚ್ಚಿದಂತೆ. ಮಗು ಬೇರೆ ಆಟಕ್ಕೆ ಜಾರದಂತೆ ಒಂದೇ ಆ್ಯಪನ್ನು ತೆರೆದಿಟ್ಟು ಬೀಗ ಹಾಕುವ ಸೌಕರ್ಯ ಈಚಿನ ಮೊಬೈಲುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.

ಇನ್ನು ಹೊರನಾಡಿನಲ್ಲಿರುವ ನಮ್ಮಂಥವರ ತೊಡಕು. ಮನೆಯಲ್ಲಿ ಕನ್ನಡ, ಚಾಳಿನಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ ಇಲ್ಲವೆ ಇಂಗ್ಲಿಷು. ಶಾಲೆಯವರು ತಮಗೆ ಅನುಕೂಲವಾದ ಭಾಷೆಯನ್ನೇ ಯಂತ್ರಕ್ಕೆ ಹಾಕಿಕೊಡುತ್ತಾರೆ. ಮಗು ‘ವಾಟರ್’ ಎನ್ನುತ್ತದೆ, ಅಜ್ಜಿಗೆ ತಿಳಿಯದು, ಅಜ್ಜಿ ‘ಉಂಡ್ಯಾ?’ ಎಂದರೆ ಉತ್ತರ ಕೊಡುವ ಚಿತ್ರವಿಲ್ಲ. ಮನೆಗೆ ಬಂದ ಯಂತ್ರ ಚೀಲದಲ್ಲೇ ಉಳಿಯುತ್ತದೆ. ಆದ್ದರಿಂದ ಶಿಕ್ಷಕಿಯನ್ನು ಕಂಡು, ಕನ್ನಡವನ್ನೂ ಸೇರಿಸಿಕೊಡಿರೆಂದು ಸಂಕೋಚವಿಲ್ಲದೆ ಕೇಳಬೇಕು. ಆವಾಜ್‌ನಲ್ಲಿ ಕನ್ನಡ ಉಂಟು. ಕೆಲವು ಆ್ಯಪುಗಳಲ್ಲಿ ನಮ್ಮದೇ ದನಿ ಮುದ್ರಿಸಿ, ನಮ್ಮದೇ ಫೋಟೋ ಹಾಕಿ ಚಿತ್ರಗಳನ್ನು ಸೇರಿಸಲೂ ಬರುತ್ತದೆ. ಅಜ್ಜಿಯ ಮುಖ, ರೊಟ್ಟಿ, ಗಂಜಿ, ಊರಿನ ಮನೆ, ಇವು ಯಾವ ಕಂಪೆನಿಯವರೂ ಮಾಡಿಕೊಡುವ ಚಿತ್ರಗಳಲ್ಲ. ಎರಡು ಭಾಷೆಯಾದರೆ ಮಗುವಿಗೆ ಗೊಂದಲವಾದೀತೆಂದು ಮನೆಮಾತನ್ನು ಬಿಡಬೇಕಾಗಿಲ್ಲ.

ಕನ್ನಡದಲ್ಲಿ ಒಂದು ಸಣ್ಣ ತೊಂದರೆಯುಂಟು. ಚಿತ್ರಕ್ಕೊಂದು ಪದವೆಂದು ಜೋಡಿಸಿದಾಗ ಮಗು ‘ನಾನು ನೀರು ಬೇಕು’ ಎಂದೀತು. ನಮ್ಮ ವಿಭಕ್ತಿಗಳು ಚಿತ್ರಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಅದನ್ನು ತಿದ್ದಲು ಹೋಗದೆ, ‘ಓ, ನಿನಗೆ ನೀರು ಬೇಕಾ? ತಗೋ’ ಎಂದು ಲೋಟ ಕೊಟ್ಟರಾಯಿತು. ಸರಿಯಾದ ವಾಕ್ಯ ಕಿವಿಗೆ ಬಿದ್ದಂತಾಯಿತು, ನೀರೂ ಸಿಕ್ಕಿತು.

ಮಗುವಿಗೆಂದೇ ಮೊಬೈಲು ಕೊಳ್ಳಲಾಗದವರೂ ಕೈಕಟ್ಟಿ ಕೂರಬೇಕಾಗಿಲ್ಲ. ಸ್ಪೇನ್ ದೇಶದ ಆರಗಾನ್ ಪ್ರಾಂತ ಸರಕಾರದ ‘ಅರಾಸಾಕ್’ ಎಂಬ ಜಾಲತಾಣದಲ್ಲಿ ಸಾವಿರಾರು ಚಿತ್ರಗಳಿವೆ. ವ್ಯಾಪಾರಕ್ಕಲ್ಲದ ಬಳಕೆಗೆ ಪುಕ್ಕಟೆ. ಬೇಕಾದುವನ್ನು ಇಳಿಸಿಕೊಂಡು, ಮುದ್ರಿಸಿ, ಕೆಳಗೆ ಕನ್ನಡದಲ್ಲಿ ಬರೆದು, ರಟ್ಟಿಗೆ ಅಂಟಿಸಬಹುದು. ಮೊದಲು ತಿಂಡಿ ಆಟಿಕೆಗಳ ಹೆಸರಷ್ಟೇ ಸಾಲದು. ಬೇಕು, ಬೇಡ, ಸಾಕು, ಇನ್ನೂ, ಬಾ, ನೋವು, ಇವು ಇರಲೇಬೇಕು. ಮೊಬೈಲು ಇದ್ದವರೂ ಇಂಥದೊಂದು ರಟ್ಟನ್ನು ಚೀಲದಲ್ಲಿ ಇಟ್ಟುಕೊಳ್ಳುವುದು ಮೇಲು. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಬ್ಯಾಟರಿ ಮುಗಿದರೆ, ಉಚ್ಚೆಗೆ ಹೋಗಬೇಕೆಂದು ತಿಳಿಸಲು ಮಗುವಿಗೆ ಅದೊಂದೇ ದಾರಿ.