ಕೀಟಕ್ಕೂ ಒಂದು ಪಂಚಾಂಗವಿದೆ

ಮಳೆಗಾಲ ಹಿಂದೆ ಸರಿದು ಗುಡ್ಡೆಯ ಗೇರು ಮರಗಳು ಚಿಗುರುವ ಹೊತ್ತಿಗೆ ನಮ್ಮ ಕೃಷಿಕರ ಬಾಯಲ್ಲಿ ಒಂದೇ ಮಾತು: ‘ಈ ವರ್ಷ ಸೊಳ್ಳೆ ಹೇಗೆ?’ ಸೊಳ್ಳೆಯೆಂದರೆ ಚಹಾ ಸೊಳ್ಳೆ. ಹೆಸರು ಹಾಗಿದ್ದರೂ ಇದು ತಿಗಣೆಯ ಬಳಗದ್ದು. ಎಳೆ ಚಿಗುರು, ಹೂಗೊಂಚಲುಗಳ ರಸ ಹೀರುತ್ತದೆ. ಚುಚ್ಚಿದಲ್ಲಿ ಕಪ್ಪು ಕಲೆ ಮೂಡಿ, ಅಂಟು ಒಸರಿ, ಗೊಂಚಲು ಬೆಂಕಿ ತಗಲಿದಂತೆ ಒಣಗುತ್ತದೆ.

ಕೀಟಗಳಿಗೆ ಕಾಲ ತಿಳಿಯುವುದು ಹೇಗೆ? ಕೀಟದ ಮೈಗೆ ನಮ್ಮಂತೆ ಸ್ವಂತದ ಬಿಸಿಯಿಲ್ಲ. ಹೊರಗಿನ ಶಾಖ ಏರಿದಂತೆ, ಒಂದು ಮಿತಿಯವರೆಗೆ, ಬೆಳವಣಿಗೆ ಬೇಗ; ತಂಪಾದರೆ ನಿಧಾನ. ಶೀತ ದೇಶಗಳ ಸೇಬಿನ ತೋಟಗಳಲ್ಲಿ ಕಾಡ್ಲಿಂಗ್ ಪತಂಗವೆಂಬ ಪಿಡುಗಿದೆ. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ಬೆಳವಣಿಗೆ ನಿಲ್ಲುತ್ತದೆ. ದಿನದ ಸರಾಸರಿ ಶಾಖ 20 ಡಿಗ್ರಿಯಿದ್ದರೆ ಆ ದಿನದ ಲೆಕ್ಕಕ್ಕೆ 10 ಅಂಕ ಜಮೆ. ಮೊದಲ ಪತಂಗಗಳು ಬಲೆಗೆ ಬಿದ್ದಂದಿನಿಂದ ಸುಮಾರು 140 ಅಂಕ ಕೂಡಿದಾಗ ಮೊಟ್ಟೆಗಳು ಒಡೆಯತೊಡಗುತ್ತವೆ. ಅಲ್ಲಿನವರು ಈ ಲೆಕ್ಕ ನೋಡಿ ಔಷಧ ಸಿಂಪಡಿಸುತ್ತಾರೆ. ಬೇಸಿಗೆಯ ಕೊನೆಗೆ ಹಗಲು ಕುಗ್ಗಿದಾಗ ಹುಳಕ್ಕೆ ಚಳಿಯ ಮುನ್ಸೂಚನೆ ಸಿಗುತ್ತದೆ. ತೊಗಟೆಯ ಸಂದಿಯಲ್ಲಿ ಗೂಡು ನೇಯ್ದು ವಸಂತದವರೆಗೆ ನಿದ್ರಿಸುತ್ತದೆ. ಶಾಖ ಗಡಿಯಾರವಾದರೆ ಹಗಲಿನ ಉದ್ದ ಪಂಚಾಂಗ.

ಕಾಸರಗೋಡಿನಲ್ಲಿಯಾದರೋ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಕಿರಿ ಹಗಲಿಗೂ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಹಿಮವೂ ಇಲ್ಲ. ನಮ್ಮ ಚಹಾ ಸೊಳ್ಳೆಗೆ ಅಂಥ ದೀರ್ಘ ನಿದ್ರೆಯೂ ಇಲ್ಲ. ಅದರ ಪಂಚಾಂಗ ಚಿಗುರು. ಮಳೆಯಲ್ಲಿ ಕುಗ್ಗಿದ ಸಂಖ್ಯೆ ಅಕ್ಟೋಬರ್, ನವೆಂಬರ್ ತಿಂಗಳ ಚಿಗುರಿನೊಡನೆ ಏರಿ, ಹೂ ಬಿಡುವ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಉಚ್ಛ್ರಾಯಕ್ಕೆ ತಲಪುತ್ತದೆ. ಮೊಟ್ಟೆ ಕೀಟವಾಗಲು ಮೂರು, ನಾಲ್ಕು ವಾರ ಸಾಕು. ಒಂದೇ ಹಂಗಾಮಿನಲ್ಲಿ ಹಲವು ತಲೆಮಾರು.

ಎಲ್ಲ ಗುಡ್ಡೆಗಳೂ ಒಂದೇ ದಿನ ಚಿಗುರುವುದಿಲ್ಲ. ಹೀಗಿದ್ದೂ ಇಲ್ಲಿನ ದೊಡ್ಡ ಗೇರು ತೋಟಗಳಲ್ಲಿ 2000ನೇ ಇಸವಿಯವರೆಗೆ ಸುಮಾರು ಎರಡು ದಶಕ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುಡ್ಡೆಯ ಕೆಳಗಿನ ತೋಡು, ಸುರಂಗ, ಬಾವಿಗಳ ನೀರು ಕುಡಿದವರು ನಾವು. ಎಣ್ಮಕಜೆಯ ಪಡ್ರೆಯಂಥ ಊರುಗಳ ಮನೆಗಳಲ್ಲಿ ಆ ಸಂಕಟ ಇಂದಿಗೂ ಮುಗಿದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ನಿಷೇಧಿಸಿತು.

ನಾವು ಮಾಡಬಹುದಾದುದು ಇಷ್ಟೆ: ವಾರಕ್ಕೊಮ್ಮೆ ಚಿಗುರನ್ನು ಹತ್ತಿರದಿಂದ ನೋಡೋಣ. ಮರದಲ್ಲಿ ಚಗಳಿಯ ಗೂಡಿದ್ದರೆ ಕೆಡವದಿರೋಣ. ಆ ಕೆಂಪು ಇರುವೆ ಸೊಳ್ಳೆಯ ಶತ್ರು. ಮೊದಲ ಚಿಗುರು, ಮೊದಲ ಕಲೆ ಕಂಡ ದಿನಗಳನ್ನು ಮನೆಯ ಮಕ್ಕಳಿಂದ ಪುಸ್ತಕದಲ್ಲಿ ಬರೆಸೋಣ. ನಾಲ್ಕು ವರ್ಷದ ಅಂಥ ಲೆಕ್ಕ ಕೈಯಲ್ಲಿದ್ದರೆ, ಕಣ್ಣು ಮುಚ್ಚಿ ವಿಷ ಹೊಡೆಯುವ ಪ್ರಮೇಯ ಬಾರದು.